ಲೆಕ್ಕ ಮುಗಿಸಿ ಕುಳಿತವಳು

ಜೂನ್ 19

ಅಪ್ಪ,

ಫೋನ್ ಮಾಡಿದರೆ ನೀವು "ಯಾರು? ಯಾರದು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತೀರಿ. ಅತ್ತಿಗೆ ಓಡಿಬಂದು ಫೋನ್ ಕಸಿದುಕೊಂಡು, "ಮಾವನಿಗೆ ಕೇಳಿಸಲ್ಲ ಕಣೇ, ಏನಾದ್ರೂ ಅರ್ಜೆಂಟಾ?" ಅನ್ನುತ್ತಾರೆ. ಅರ್ಜೆಂಟು ಏನಿಲ್ಲ ಎಂದು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ನಿಮಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ ಲೆಕ್ಕವಿಲ್ಲ.

ಸುದ್ದಿ ಇಷ್ಟೇ. ಹದಿನಾಲ್ಕು ವರ್ಷ ಒಂದನೇ ತರಗತಿಯವರ ಮೂಗು ಒರೆಸಿದ ನನಗೆ ಈ ವರ್ಷ ಐದನೇ ತರಗತಿ ಕೊಟ್ಟಿದ್ದಾರೆ. ಮೀಸೆ ತಿರುವಬೇಡಿ. ನಿಮ್ಮ ಐದನೇ ತರಗತಿಯೇ, ಶಾಲೆ ಮಾತ್ರ ಬೇರೆ.

ಮೂವತ್ತೆಂಟು ಮಕ್ಕಳು. ಎಂಟು ಜನ ಇನ್ನೂ ಬೆರಳು ಮಡಚಿ ಕೂಡುತ್ತಾರೆ. ಇಬ್ಬರಿಗೆ ಪ್ರಶ್ನೆಯನ್ನು ಓದುವುದೇ ಕಷ್ಟ. ಒಬ್ಬಳು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು, ಅವಳ ಪುಸ್ತಕ ತೂತು ಬಿದ್ದು ಆಚೆ ಪುಟ ಕಾಣುತ್ತದೆ. ಎಲ್ಲರೂ ಅವಳನ್ನು ರಬ್ಬರ್ ಅನ್ನುತ್ತಾರೆ, ಅವಳೂ ಓ ಅನ್ನುತ್ತಾಳೆ. ಆ ರಬ್ಬರ್ ಪಕ್ಕದಲ್ಲೇ ಕೂರುವವಳು ಚಿಟಿಕೆ. ಇದೂ ಮಕ್ಕಳಿಟ್ಟ ಹೆಸರೇ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಇತ್ತ ತಿರುಗುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟು, ಕೈಕಟ್ಟಿ ಕೂತಿರುತ್ತಾಳೆ.

"ಮುಗೀತು ಮಿಸ್."

"ಇನ್ನೊಂದ್ಸಲ ನೋಡು."

"ನೋಡ್ದೆ ಮಿಸ್. ಹಾಗೇ ಇದೆ."

ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅವಳಿಗೆ ಮೂವತ್ತಾರು ನಿಮಿಷ ಉಳಿಯುತ್ತದೆ. ಆ ಮೂವತ್ತಾರು ನಿಮಿಷ ಅವಳು ನನ್ನನ್ನೇ ನೋಡುತ್ತಾಳೆ. ನನಗೆ ಬೆವರು.

ನೀವು ಮೂವತ್ತು ವರ್ಷ ಇದೇ ತರಗತಿಯಲ್ಲಿ ಮೆರೆದವರು. ಒಂದು ಹೇಳಿ. ಲೆಕ್ಕ ಮುಗಿಸಿ ಕುಳಿತವರಿಗೆ ನೀವು ಏನು ಕೊಡುತ್ತಿದ್ದಿರಿ?

ನಿಮ್ಮ ಮಗಳು

ಜುಲೈ 2

ಎಲೈ ಮಗಳೇ, ಐದನೇ ತರಗತಿಯ ನೂತನ ಸಿಂಹಾಸನಾಧೀಶ್ವರೀ!

ಪರದೆ ಏಳಲಿ! ನಿನ್ನ ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, "ಏನಾಯ್ತು ಸಾರ್?" ಎಂದು ಕೇಳಿದರು. "ಪಟ್ಟಾಭಿಷೇಕ ಆಯ್ತು" ಅಂದೆ. ನಿನ್ನ ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ.

ಆಹಾ, ಆ ಕೋಣೆ! ಉದ್ದನೆಯ ಹಾಲ್, ನಡುವೆ ಹಲಗೆಯ ಅಡ್ಡಗೋಡೆ. ಈಚೆ ನಾನು, ಆಚೆ ಆರನೇ ತರಗತಿಯ ಚಿತ್ರಕಲೆಯ ಮೇಷ್ಟ್ರು. ನಾನು ಭಿನ್ನರಾಶಿ ಶುರುಮಾಡಿದೆನೆಂದರೆ ಆ ಪುಣ್ಯಾತ್ಮ ತನ್ನ ಪಾಠ ನಿಲ್ಲಿಸಿ, "ಪಕ್ಕದ್ದೇ ಕೇಳ್ರೋ" ಎಂದು ಮಕ್ಕಳಿಗೆ ಹೇಳಿ ಕಣ್ಣು ಮುಚ್ಚುತ್ತಿದ್ದ. ಐವತ್ತೆರಡು ತಲೆ ನನ್ನ ಮುಂದೆ! ಅಂಶ ಮೇಲೆ, ಛೇದ ಕೆಳಗೆ, ನಡುವೆ ನಾನು ಎಳೆದ ಗೆರೆಯ ಸದ್ದಿಗೆ ಮೊದಲ ಬೆಂಚು ಬೆಚ್ಚಿಬೀಳಬೇಕು.

ಮುಗಿಸಿ ಕುಳಿತವರಿಗೆ ಏನು ಕೊಡುತ್ತಿದ್ದೆ ಎಂದು ಕೇಳುತ್ತೀಯಾ? ನನ್ನನ್ನು? ನೀನು? ಪದವಿ ಕೊಡುತ್ತಿದ್ದೆ ಮಗಳೇ, ಪದವಿ! 'ಚಿಕ್ಕ ಮೇಷ್ಟ್ರು'! ಮೊದಲ ಚಿಕ್ಕ ಮೇಷ್ಟ್ರು ಯಾರು? ಎರಡು ಜಡೆ, ಮೊಣಕಾಲಿನ ಮೇಲೆ ಗಾಯದ ಕಲೆ, ಬೆಂಚಿನಿಂದ ಬೆಂಚಿಗೆ ನಡೆಯುವಾಗ ನನ್ನದೇ ಗತ್ತು. ಬೇಕರಿಯವನ ಮಗ ನೆನಪಿದ್ದಾನೆಯೇ? ಕೂತಿದ್ದರೂ ನಿಂತ ನಿನಗಿಂತ ಎತ್ತರ. ಅವನಿಗೆ ಭಾಗಾಕಾರ ಕಲಿಸಿದ್ದು ನಾನಲ್ಲ, ನೀನು. ಸೀಮೆಸುಣ್ಣ ತರಲು ಆಫೀಸಿಗೆ ಯಾರು? ನೀನು. ಐವತ್ತೆರಡು ಪುಸ್ತಕ ತಿದ್ದಲು ಯಾರು? ನೀನು. ವರ್ಷದ ಕೊನೆಯ ನಾಟಕದಲ್ಲಿ ಮೂರೇ ದಿನಕ್ಕೆ ಎಲ್ಲರ ಪಾರ್ಟೂ ಬಾಯಿಪಾಠ ಮಾಡಿಕೊಂಡವಳು ನೀನು, ಅದಕ್ಕೇ ಪ್ರಾಂಪ್ಟರ್ ಆದವಳೂ ನೀನು. ರಾಜ ಮಾತು ಮರೆತು ಕಂಬದಂತೆ ನಿಂತಾಗ ವಿಂಗಿನ ಕತ್ತಲೆಯಿಂದ ನಿನ್ನ ಪಿಸುದನಿ ಬಂತು. ರಾಜ ಗುಡುಗಿದ, ಜನ 'ಒನ್ಸ್ ಮೋರ್' ಎಂದರು!

ಚಿಟಿಕೆಯನ್ನು ಚಿಕ್ಕ ಮಿಸ್ ಮಾಡು. ಜಗತ್ತು ನಡೆಯುತ್ತದೆ.

ಇತಿ,
ಮಾಜಿ ಚಕ್ರವರ್ತಿ, ಐದನೇ ತರಗತಿ
(ನಿನ್ನ ಅಪ್ಪ)

ಆಗಸ್ಟ್ 27

ಅಪ್ಪ,

ಹಾಗೇ ಮಾಡಿದೆ. ನೀವು ಬೇರೇನಾದರೂ ಹೇಳುತ್ತೀರೇನೋ ಎಂದು ಒಂದು ತಿಂಗಳು ಸುಮ್ಮನೆ ಕಾದೆ. ನನಗೂ ಬೇರೆ ಏನೂ ತೋಚಲಿಲ್ಲ.

ಚಿಟಿಕೆ ಈಗ ಎಂಟು ಜನರನ್ನು ನೋಡಿಕೊಳ್ಳುತ್ತಾಳೆ. ಕಿರುಪರೀಕ್ಷೆಯಲ್ಲಿ ಎಂಟರಲ್ಲಿ ಆರು ಜನ ಪಾಸು. ನಮ್ಮ ಹೆಡ್ ಮೇಡಂ, ನಾವೆಲ್ಲ ದೊಡ್ಡ ಮೇಡಂ ಅನ್ನುತ್ತೇವೆ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ಮೇಷ್ಟ್ರ ಮಗಳಲ್ವಾ, ರಕ್ತದಲ್ಲೇ ಇದೆ" ಅಂದರು. ಎಲ್ಲರೂ ಖುಷಿ.

ನಾನೂ ಖುಷಿಯೇ. ಮೂವತ್ತಾರು ನಿಮಿಷ ಅವಳು ಈಗ ನನ್ನನ್ನು ನೋಡುವುದಿಲ್ಲ.

ಅಣ್ಣನಿಗೆ ಹೇಳಿ, ನಿಮ್ಮ ಕಿವಿಯ ಮಷೀನು ಡ್ರಾಯರಿನಲ್ಲಿಟ್ಟರೆ ಡ್ರಾಯರಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ಮಗಳು

ನವೆಂಬರ್ 11

ಅಪ್ಪ,

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚಿಟಿಕೆಗೆ ಗಣಿತದಲ್ಲಿ ನೂರಕ್ಕೆ ಮೂವತ್ತೊಂದು ಬಂತು. ರಬ್ಬರ್‌ಗೆ ನಲವತ್ತನಾಲ್ಕು.

ನಾನು ಮೊದಲು ನಂಬಲಿಲ್ಲ. ಉತ್ತರಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಲೆಕ್ಕದಲ್ಲೂ ಮೊದಲು ಸರಿಯಾದ ಉತ್ತರ ಬರೆದಿದ್ದಾಳೆ. ಅದನ್ನು ನೀಟಾಗಿ ಅಳಿಸಿ, ಮೇಲೆ ತಪ್ಪು ಬರೆದಿದ್ದಾಳೆ. ತಪ್ಪೂ ಎಂಥಾ ತಪ್ಪು! ರಬ್ಬರ್ ಮಾಡುವ ತಪ್ಪನ್ನೇ ನಕಲು ಮಾಡಿದ್ದಾಳೆ, ದಶಕ ಮರೆತದ್ದು ಸಮೇತ.

ಮಧ್ಯಾಹ್ನದ ಬಿಡುವಿನಲ್ಲಿ ಕರೆದು ಎದುರಿಗೆ ಕೂರಿಸಿಕೊಂಡೆ.

"ಯಾಕೆ ಪುಟ್ಟಾ ಅಳಿಸಿದ್ದು?"

ಕಾಲು ಬೆರಳಿನಿಂದ ನೆಲ ಕೆರೆದಳು. "ಬಯ್ಯಲ್ವಾ?"

"ಬಯ್ಯಲ್ಲ."

"ತಪ್ಪು ಮಾಡಿದ್ರೆ ನಂಗೂ ಯಾರಾದ್ರೂ ಹೇಳ್ಕೊಡ್ತಾರಲ್ಲ ಮಿಸ್. ರಬ್ಬರ್ ಪಕ್ಕ ನೀವು ದಿನಾ ಕೂತ್ಕೋತೀರ. ನನ್ನ ಪಕ್ಕ ಒಂದು ದಿನಾನೂ ಕೂತಿಲ್ಲ."

ಗಂಟೆ ಹೊಡೆಯಿತು. ಅವಳು ಎದ್ದು ಓಡಿದಳು. ನಾನು ಏಳಲಿಲ್ಲ.

ದೊಡ್ಡ ಮೇಡಂ ಒಂದು ನಿಯಮ ತಂದಿದ್ದಾರೆ. ವಾರ್ಷಿಕ ಪರೀಕ್ಷೆ ಆದ ಮೇಲೆ ತರಗತಿಯನ್ನು ಎರಡು ಭಾಗ ಮಾಡುತ್ತಾರೆ. ಅರವತ್ತಕ್ಕಿಂತ ಕಡಿಮೆ ಅಂಕದವರು 'ಬಿ' ವಿಭಾಗಕ್ಕೆ ಹೋಗಬೇಕು. ಅಲ್ಲಿ ಗಣಿತಕ್ಕೆ ಅರ್ಧ ಪುಸ್ತಕ, ಬರೀ ಕೂಡು-ಕಳೆ. ಹೀಗೇ ಹೋದರೆ ಚಿಟಿಕೆ ಅಲ್ಲಿಗೆ ಹೋಗುತ್ತಾಳೆ, ನಗುನಗುತ್ತಾ ಹೋಗುತ್ತಾಳೆ. ಮಾರ್ಚ್‌ವರೆಗೆ ನನಗೆ ಸಮಯ.

ಈಗ ನನ್ನ ಮಾತು. ಇಷ್ಟು ವರ್ಷ ಹೇಳದ್ದು. ನಾನೂ ಅಳಿಸಿದ್ದೆ ಅಪ್ಪ. ನಿಮ್ಮ ಕ್ಲಾಸಿನಲ್ಲಿದ್ದ ಆ ವರ್ಷದ ಕೊನೆಯಲ್ಲಿ ಆರು ದಿನ ಬೇಕೆಂದೇ ತಪ್ಪು ಬರೆದೆ. ಏಳನೇ ದಿನ ನೀವು ನನ್ನ ಪುಸ್ತಕದ ಮೇಲೆ ಕೆಂಪಿನಲ್ಲಿ ಬರೆದದ್ದು ಎರಡೇ ಪದ: 'ಅಹಂಕಾರ ಬೇಡ'.

ಸೀಮೆಸುಣ್ಣ ತರಲು ನನ್ನನ್ನು ಮೊದಲ ಬಾರಿ ಕಳಿಸಿದ್ದು ಯಾವಾಗ, ನೆನಪಿದೆಯೇ? ನನಗಿದೆ. ದಶಮಾಂಶದ ಪಾಠ. ನಾನು ಎದ್ದು ನಿಂತು, ಕ್ಲಾಸಿನಲ್ಲಿ ನಿಮ್ಮನ್ನು ಕರೆಯಬೇಕಾದ ಹಾಗೆ, "ಸಾರ್" ಅಂದೆ. "ಸಾರ್, ಒಂದನ್ನ ಮೂರರಿಂದ ಭಾಗಿಸಿದ್ರೆ ಮೂರು ಮೂರು ಮೂರು ಅಂತ ಮುಗಿಯೋದೇ ಇಲ್ಲ. ಆದ್ರೆ ಹಗ್ಗನ ಮೂರು ತುಂಡು ಮಾಡಿದ್ರೆ ಮುಗಿಯುತ್ತಲ್ಲ. ಅದು ಹೇಗೆ?" ನೀವು ನನ್ನನ್ನು ನೋಡಿದಿರಿ. ಆಮೇಲೆ, "ಹೋಗು, ಆಫೀಸಿಂದ ಸೀಮೆಸುಣ್ಣ ತಾ" ಅಂದಿರಿ. ಮೇಜಿನ ಮೇಲೆ ಡಬ್ಬಿ ತುಂಬ ಸೀಮೆಸುಣ್ಣ ಇತ್ತು.

ಹೈಸ್ಕೂಲು ಮುಗಿದ ಮೇಲೆ ನಾನು ಗಣಿತ ಬಿಟ್ಟೆನೆಂದು ಮನೆ ಹಾರಿಹೋಗುವಂತೆ ಕೂಗಾಡಿದಿರಿ. ಯಾಕೆ ಬಿಟ್ಟೆ ಎಂದು ಕೇಳಲಿಲ್ಲ.

ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ನಾನು ಈಗ ಅವಳಿಗೆ ಅದನ್ನೇ ಮಾಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಮಗಳು

ಜನವರಿ 3

ಮಗಳೇ,

ಏಳು ವಾರ ಉತ್ತರ ಬರೆಯಲಿಲ್ಲ. ಬರೆದೆ, ಹರಿದೆ. ಮೊದಲನೆಯ ಕಾಗದದಲ್ಲಿ ಗುಡುಗಿದ್ದೆ: ಅಕೃತಜ್ಞಳೇ, ಇತ್ಯಾದಿ. ಅದನ್ನು ಕನ್ನಡಿಯ ಮುಂದೆ ನಿಂತು ಓದಿದೆ. ಚೆನ್ನಾಗಿಯೇ ಬಂತು, ಆ ಕಾಲವಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಕನ್ನಡಿಯಲ್ಲಿದ್ದ ಮುದುಕ ಮಾತ್ರ ಅದನ್ನು ನಂಬಲಿಲ್ಲ. ಎರಡನೆಯದರಲ್ಲಿ ಅತ್ತಿದ್ದೆ. ಅದೂ ನಾಟಕವೇ ಆಗಿತ್ತು. ನಿನ್ನ ಅತ್ತಿಗೆ ಹರಿದ ಚೂರನ್ನೆಲ್ಲ ಗುಡಿಸುತ್ತಾ, "ಮಾವ, ಮಗಳಿಗೆ ಒಂದು ಕಾಗದ ಬರಿಯೋಕೆ ಇಷ್ಟು ರಿಹರ್ಸಲ್ಲಾ?" ಅಂದಳು. ಇದು ಮೂರನೆಯದು, ಪರದೆಯಿಲ್ಲದೆ ಬರೆಯುತ್ತಿದ್ದೇನೆ.

ನನಗೆ ಉತ್ತರ ಗೊತ್ತಿರಲಿಲ್ಲ.

ಹಗ್ಗದ ಪ್ರಶ್ನೆಗೆ. ಅಂದು ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ಐವತ್ತೆರಡು ಮಕ್ಕಳು ನನ್ನ ಬಾಯಿ ನೋಡುತ್ತಿದ್ದರು. ಅಡ್ಡಗೋಡೆಯ ಆಚೆ ಚಿತ್ರಕಲೆಯ ಮೇಷ್ಟ್ರ ಕ್ಲಾಸೂ ಸದ್ದಡಗಿತ್ತು, ಅವರೂ ಕಾಯುತ್ತಿದ್ದಾರೆ ಎನ್ನಿಸಿತು. ರಂಗದ ಮೇಲೆ ರಾಜ ಮಾತು ಮರೆತು ನಿಲ್ಲುವುದು ಹೇಗೆಂದು ನನಗೆ ಆ ದಿನ ಗೊತ್ತಾಯಿತು. ನಿನ್ನನ್ನು ಹೊರಗೆ ಕಳಿಸಿದೆ. ನೀನು ವಾಪಸ್ಸು ಬರುವಷ್ಟರಲ್ಲಿ ಬೇರೆ ಪಾಠ ಶುರು ಮಾಡಿದ್ದೆ.

ಆಮೇಲೆ ಅದು ರೂಢಿಯಾಯಿತು. ನಿನ್ನ ಪ್ರಶ್ನೆ ಬರುವ ಮೊದಲೇ ನಿನಗೊಂದು ಕೆಲಸ. ಅದಕ್ಕೆ ಪದವಿಯ ಹೆಸರಿಟ್ಟೆ. ಜನ ಮೆಚ್ಚಿದರು. 'ಸ್ವಂತ ಮಗಳ ಕೈಯಲ್ಲೂ ಕೆಲಸ ಮಾಡಿಸುವ, ಪಕ್ಷಪಾತವಿಲ್ಲದ ಮೇಷ್ಟ್ರು' ಎಂದರು. ಮೂವತ್ತು ವರ್ಷ ಆ ಮಾತನ್ನು ಶಾಲಿನ ಹಾಗೆ ಹೊದ್ದು ತಿರುಗಿದೆ.

ಚಿಟಿಕೆಗೆ ಏನು ಕೊಡಬೇಕು ಎಂದು ನನಗೆ ತಿಳಿಯದು. ಏನು ಕೊಡಬಾರದು ಎನ್ನುವುದು ತಿಳಿದಿದೆ. ಇನ್ನೂ ಹತ್ತು ಲೆಕ್ಕ ಕೊಡಬೇಡ, ಅದು ಬೇಗ ಮುಗಿಸಿದ್ದಕ್ಕೆ ಶಿಕ್ಷೆ. ಪದವಿ ಕೊಡಬೇಡ.

ಇನ್ನೊಂದು ಇದೆ. ನಿನ್ನ ಅಣ್ಣನ ಮನೆಯ ಈ ಮೂರನೇ ಮಹಡಿಯಲ್ಲಿ ನನ್ನ ಕುರ್ಚಿಯ ಎದುರಿಗೇ ಪಕ್ಕದ ಕಟ್ಟಡದ ಕಿಟಕಿ. ಅದಕ್ಕೆ ಕಬ್ಬಿಣದ ಗ್ರಿಲ್, ಅಡ್ಡಕ್ಕೆ ನಾಲ್ಕು ಚೌಕ, ಉದ್ದಕ್ಕೆ ನಾಲ್ಕು ಚೌಕ. ನಿನ್ನ ಕಾಗದ ಬಂದ ದಿನದಿಂದ ಅದನ್ನೇ ನೋಡುತ್ತಾ ಕೂತಿದ್ದೇನೆ. ಒಟ್ಟು ಎಷ್ಟು ಚೌಕಗಳಿವೆ? ಹದಿನಾರು ಎಂದುಕೊಂಡೆ. ನಾಲ್ಕು ಸಣ್ಣವು ಸೇರಿದರೂ ಒಂದು ಚೌಕವಾಗುತ್ತದಲ್ಲ! ಮತ್ತೆ ಎಣಿಸಿದೆ, ಇಪ್ಪತ್ತು ಬಂತು. ಸಂಜೆ ಎಣಿಸಿದೆ, ಇಪ್ಪತ್ತಾರು. ಪಕ್ಕದ ಕಟ್ಟಡದಾಕೆ ನಾನು ಅವರ ಮನೆಯನ್ನೇ ನೋಡುತ್ತೇನೆಂದು ಪರದೆ ಹಾಕಿಬಿಟ್ಟರು. ಹೀಗಾಗಿ ಉತ್ತರ ನನ್ನ ಹತ್ತಿರ ಇಲ್ಲ. ನೀನೂ ಮೊದಲೇ ಬಿಡಿಸಿಟ್ಟುಕೊಳ್ಳಬೇಡ. ಹಾಗೇ ತೆಗೆದುಕೊಂಡು ಹೋಗಿ ಮೂವತ್ತೆಂಟು ಜನಕ್ಕೂ ಕೊಡು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಾನು ಜನ್ಮದಲ್ಲಿ ಒಮ್ಮೆಯೂ ಮಕ್ಕಳಿಗೆ ಕೊಟ್ಟವನಲ್ಲ.

ಅಪ್ಪ

ಫೆಬ್ರವರಿ 8

ಅಪ್ಪ,

ಮೊದಲು ಆ ಹೆಂಗಸಿನ ಕ್ಷಮೆ ಕೇಳಿ. ನಿಮ್ಮಿಂದಾಗಿ ಅವರ ಮನೆ ಕತ್ತಲಾಗಿದೆ.

ಕಿಟಕಿಯನ್ನು ಬೋರ್ಡಿನ ಮೇಲೆ ಬರೆದೆ. "ಎಷ್ಟು ಚೌಕ? ನಂಗೂ ಗೊತ್ತಿಲ್ಲ" ಅಂದೆ. ಹಿಂದಿನ ಬೆಂಚಿನಿಂದ ಯಾರೋ, "ಮಿಸ್‌ಗೇ ಗೊತ್ತಿಲ್ವಂತೆ ಕಣೋ!" ಅಂದ. ಎಲ್ಲರೂ ಪೆನ್ಸಿಲ್ ಹಿಡಿದರು. ಬೆರಳು ಮಡಚುವ ಎಂಟು ಜನಕ್ಕೂ ಅದು ಕೈಗೆಟುಕಿತು, ಹದಿನಾರು ಎಣಿಸಲು ಬಾರದವರು ಯಾರೂ ಇಲ್ಲವಲ್ಲ. ಆಮೇಲೆ ಜಗಳ ಶುರು. ಹದಿನಾರು, ಹದಿನೇಳು, ಇಪ್ಪತ್ತು. ಚಿಟಿಕೆ ಮೊದಲಿಗೆ ಕೈಕಟ್ಟಿ ಕೂತಿದ್ದಳು. ಜಗಳ ಜೋರಾದ ಮೇಲೆ ತಡೆಯಲಾಗಲಿಲ್ಲ. ಎದ್ದು ಬಂದು ಬೋರ್ಡಿನ ಮುಂದೆ ನಿಂತಳು. ಒಂದರ ಚೌಕ ಹದಿನಾರು, ಎರಡರದ್ದು ಒಂಬತ್ತು, ಮೂರರದ್ದು ನಾಲ್ಕು.

"ಇಪ್ಪತ್ತೊಂಬತ್ತು" ಅಂದಳು. ಸೀಮೆಸುಣ್ಣವನ್ನು ಕೆಳಗಿಟ್ಟ ರೀತಿ ನೋಡಬೇಕಿತ್ತು, ನಿಮ್ಮದೇ ಗತ್ತು.

ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ ಅಪ್ಪ, ದೇವರಾಣೆ. ಆಗ ರಬ್ಬರ್, ಅಳಿಸುವುದನ್ನು ನಿಲ್ಲಿಸಿ, ಕೂತಲ್ಲಿಂದಲೇ ಅಂದಳು:

"ಇಡೀ ಕಿಟಕಿನೇ ಒಂದು ಚೌಕ ಅಲ್ವೇನೇ?"

ಚಿಟಿಕೆ ತಿರುಗಿದಳು. ಬೋರ್ಡು ನೋಡಿದಳು, ರಬ್ಬರ್‌ನ ನೋಡಿದಳು. ಕಿವಿಯವರೆಗೂ ಕೆಂಪಾದಳು. ಅತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ನಗುವುದಕ್ಕೆ ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಅಷ್ಟು ದೊಡ್ಡದು! ಅದೇ ಕಾಣ್ಲಿಲ್ಲ ನಂಗೆ!" ಅದು ಅವಳು ಈ ವರ್ಷ ಮಾಡಿದ ಮೊದಲ ನಿಜವಾದ ತಪ್ಪು. ಹೋಗಿ ರಬ್ಬರ್ ಪಕ್ಕ ಧೊಪ್ಪನೆ ಕೂತು, "ಇನ್ನೇನು ಬಿಟ್ಟಿದೀನಿ ನೋಡೇ" ಎಂದಳು.

ನಾನೂ ಹೋಗಿ ಚಿಟಿಕೆಯ ಇನ್ನೊಂದು ಪಕ್ಕ ಕೂತೆ.

ಮರುದಿನ ಅವಳದೇ ಪ್ರಶ್ನೆ: "ಹತ್ತು ಹತ್ತು ಚೌಕದ ಕಿಟಕಿ ಆದ್ರೆ?" ನಾಲ್ಕು ದಿನ ಹಿಡಿಯಿತು. ಚಿಟಿಕೆ ಹೊಡೆದಷ್ಟು ಹೊತ್ತಲ್ಲ ಅಪ್ಪ, ನಾಲ್ಕು ದಿನ! ಮೂರನೇ ದಿನ ಸಿಟ್ಟಿನಲ್ಲಿ ಪುಸ್ತಕ ಎಸೆದಳು. ನಾಲ್ಕನೇ ದಿನ ಮುನ್ನೂರ ಎಂಬತ್ತೈದು ಎಂದು ಬರೆದು ತಂದಳು. ನಾನು ಮನೆಯಲ್ಲಿ ಎರಡು ಸಂಜೆ ಕೂತು ಲೆಕ್ಕ ಹಾಕಿದೆ. ಸರಿ ಇತ್ತು.

ನಾನು ಗಣಿತ ಬಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಆ ಎರಡು ಸಂಜೆ ಚಹಾ ತಣ್ಣಗಾದದ್ದೇ ಗೊತ್ತಾಗಲಿಲ್ಲ.

ನಿಮ್ಮ ಮಗಳು

ಮಾರ್ಚ್ 22

ಅಪ್ಪ,

ವಾರ್ಷಿಕ ಪರೀಕ್ಷೆಯಲ್ಲಿ ಚಿಟಿಕೆಗೆ ತೊಂಬತ್ತಾರು. ನಾಲ್ಕು ಅಂಕ ಕಳೆದುಕೊಂಡದ್ದು ಪ್ರಶ್ನೆಯ ಪಕ್ಕದಲ್ಲಿ 'ಇದಕ್ಕಿಂತ ಸುಲಭ ದಾರಿ ಇದೆ' ಎಂದು ಬರೆದು ದಾರಿಯನ್ನು ಹೇಳದೆ ಬಿಟ್ಟಿದ್ದಕ್ಕೆ. ಅಳಿಸಿದ ಗುರುತು ಎಲ್ಲೂ ಇಲ್ಲ. ರಬ್ಬರ್‌ಗೆ ಐವತ್ತೆರಡು.

ನಿಯಮದ ಪ್ರಕಾರ ರಬ್ಬರ್ ಬಿ ವಿಭಾಗಕ್ಕೆ ಹೋಗಬೇಕಿತ್ತು. ನಾನು ದೊಡ್ಡ ಮೇಡಂ ಹತ್ತಿರ ವಾದ ಮಾಡಲಿಲ್ಲ. ಒಂದು ಪೀರಿಯಡ್ ಬಂದು ಕೂತುಕೊಳ್ಳಿ ಎಂದೆ. ಬಂದರು. ಅವರಿಗೂ ಕಿಟಕಿಯ ಲೆಕ್ಕ ಕೊಟ್ಟೆ. ಮೇಡಂಗೆ ಇಪ್ಪತ್ತನಾಲ್ಕು ಬಂತು. ರಬ್ಬರ್ ಎದ್ದುಹೋಗಿ, "ಮೇಡಂ, ನೀವೂ ದೊಡ್ಡದನ್ನೇ ಬಿಟ್ಟಿದೀರ" ಎಂದು ತೋರಿಸಿದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ವರ್ಷ ಎಲ್ಲರೂ ಒಟ್ಟಿಗೇ ಇರ್ಲಿ. ನೋಡೋಣ" ಅಂದರು. ಮೇಡಂ ಬಾಯಲ್ಲಿ 'ನೋಡೋಣ' ಬಂದರೆ ಅದು ದೊಡ್ಡದು.

ಶಾಲೆ ಮುಚ್ಚಲು ಇನ್ನೂ ಹತ್ತು ದಿನವಿದೆ. ಒಂದು ದಿನ ಬಂದು ಕೂತುಕೊಳ್ಳುತ್ತೀರಾ? ಅಣ್ಣ ಕಾರಿನಲ್ಲಿ ಬಿಡುತ್ತಾನಂತೆ. ಭಾಷಣ ಕೂಡದು. ಕೊನೆಯ ಬೆಂಚು.

ನಿಮ್ಮ ಮಗಳು

ಏಪ್ರಿಲ್ 2

ಮಗಳೇ,

ಮನೆಗೆ ಬಂದು ಮೂರು ದಿನವಾಯಿತು. ಕಾರಿನಲ್ಲಿ ನಿನ್ನ ಅಣ್ಣ, "ಹೇಗಿತ್ತಪ್ಪ?" ಎಂದ. ನಾನು ಮಾತಾಡಲಿಲ್ಲ. ಅವನು ಹೆದರಿ ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದ.

ನಿನ್ನ ತರಗತಿಯ ವಾಸನೆ ಅದೇ. ಪೆನ್ಸಿಲ್ ಸಿಪ್ಪೆ, ಒದ್ದೆ ಬಟ್ಟೆ, ಮಕ್ಕಳ ತಲೆಯ ಬಿಸಿಲು. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತೆ. ನೀನು ಬೋರ್ಡಿನ ಮೇಲೆ ಬರೆದೆ: 'ಈ ಕೋಣೆಯ ಮಕ್ಕಳೆಲ್ಲರೂ ಒಬ್ಬೊಬ್ಬರ ಕೈಯನ್ನೂ ಒಂದೊಂದು ಸಲ ಕುಲುಕಿದರೆ, ಒಟ್ಟು ಎಷ್ಟು ಸಲ?' ಕೆಲವರು ಮೂರು ಮೂರು ಜನ ಎದ್ದು ನಿಂತು ಕುಲುಕಿಯೇ ನೋಡತೊಡಗಿದರು. ನನಗೆ ಹೊಳೆಯಿತು! ಈ ಮುದಿ ತಲೆಗೆ! ಏಳುನೂರ ಮೂರು! ಕೈ ಎತ್ತಿದೆ.

ನಿನ್ನ ಕಣ್ಣು ನನ್ನ ಮೇಲೆ ಬಿತ್ತು. ಬಿದ್ದು, ಮುಂದಕ್ಕೆ ಹೋಯಿತು. ನೀನು ಬೆರಳು ಮಡಚುವ ಹುಡುಗನ ಹತ್ತಿರ ಹೋಗಿ ಬಗ್ಗಿ ಕೂತೆ. ನಾನು ಕೈ ಇಳಿಸಲಿಲ್ಲ. ನೀನು ಮತ್ತೆ ನೋಡಿದೆ, ಮತ್ತೆ ಮುಂದಕ್ಕೆ ಹೋದೆ. ತೋಳು ನೋಯತೊಡಗಿತು, ಎಡಗೈಯಿಂದ ಆಸರೆ ಕೊಟ್ಟೆ. ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದೆ, ಕೇಳುವವರಿಲ್ಲ. ಮೊದಲು ಉತ್ಸಾಹ, ಆಮೇಲೆ ಸಿಟ್ಟು, ಆಮೇಲೆ ನಾಚಿಕೆ, ಕೊನೆಗೆ 'ನನಗೇನು' ಎನ್ನುವ ಒಂದು ತಣ್ಣನೆಯ ಭಾವ. ಗೋಡೆಯ ಗಡಿಯಾರ ನೋಡಿದೆ. ಬರೀ ಹತ್ತು ನಿಮಿಷ.

ಅಷ್ಟರಲ್ಲಿ ನಿನ್ನ ಚಿಟಿಕೆ ಬಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ತಾತಾ, ನಿಮ್ಮನ್ನೂ ಸೇರಿಸ್ಬೇಕಾ? ನೀವೂ ಕೈ ಕುಲುಕಿದ್ರೆ ಏಳುನೂರ ನಲವತ್ತೊಂದು!" ಎಂಥಾ ಕಂಠ! ರಂಗಕ್ಕೆ ಹೇಳಿ ಮಾಡಿಸಿದ್ದು. ನಾನು ನಕ್ಕೆ, ಕೈ ಇಳಿಸಿದೆ, ಆ ಕೈಯನ್ನೇ ಅವಳು ಹಿಡಿದು ಕುಲುಕಿದಳು.

ನೀನು ಬೇಕೆಂದೇ ಮಾಡಿದೆಯೋ, ಅಥವಾ ಮಕ್ಕಳ ಪಾಠದಲ್ಲಿ ಮುದುಕನಿಗೆ ಮೊದಲು ಅವಕಾಶ ಕೊಡಬಾರದೆಂದು ಮಾಡಿದೆಯೋ, ನಾನು ಕೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿಯೇ.

ಒಂದು ಮಾತು ಜನವರಿಯ ಕಾಗದದಲ್ಲಿ ಬರೆಯದೆ ಬಿಟ್ಟಿದ್ದೆ. ಧೈರ್ಯ ಬರಲಿಲ್ಲ. ಹಗ್ಗದ ಪ್ರಶ್ನೆ ಒಂದೇ ದಿನದ್ದು. ಆಮೇಲೆಯೂ ನೀನು ಕೈ ಎತ್ತುತ್ತಿದ್ದೆ. ಎರಡನೇ ಬೆಂಚು, ಗೋಡೆಯ ಪಕ್ಕ. ಗಲಾಟೆಯಲ್ಲಿ ಕಾಣಲಿಲ್ಲ, ಐವತ್ತೆರಡು ಜನರಲ್ಲಿ ಕಾಣಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ.

ಕಾಣುತ್ತಿತ್ತು ಮಗಳೇ. ಪ್ರತಿದಿನ ಕಾಣುತ್ತಿತ್ತು.

ಆಗ ಏನೇನು ಕೇಳಬೇಕೆಂದಿದ್ದೆ? ನೆನಪಿರುವುದನ್ನೆಲ್ಲ ಬರೆ. ಎಷ್ಟು ಪುಟವಾದರೂ ಆಗಲಿ. ಉತ್ತರ ಗೊತ್ತಿರುವುದಕ್ಕೆ ಉತ್ತರ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯುತ್ತೇನೆ.

ಅಪ್ಪ